ರಬ್ಬರ್ ಹಾಕುವ ಮೊದಲು

ಎಜುಕೇಶನ್ ಹಿಲ್, ರೆಡ್ಮಂಡ್
ಆಗಸ್ಟ್ ೨೦೧೬

ಪ್ರಿಯ ಗಿಲ್ಬರ್ಟ್ ಅವರಿಗೆ,

ಆಲ್ಬನ್ ತೀರಿಕೊಂಡು ತಿಂಗಳಾದಾಗ ಚರ್ಚಿನಲ್ಲಿ ಇಟ್ಟ ಪೂಜೆಯ ದಿನ ನೀವು ಅವರ ಬಿಲ್ಲನ್ನು ಒಯ್ಯುವಾಗ, ಬೇಟೆಯ ಸೀಸನ್‌ಗೆ ಮೊದಲು ಅದರ ಸದ್ದು, ನಡುಕ ಎರಡನ್ನೂ ಕಡಿಮೆ ಮಾಡಬೇಕು ಎಂದಿರಿ. ಮಾಡಿ. ಅದಕ್ಕೆಂದೇ, ಬಿಲ್ಲಿನ ಹೆದೆಗೆ ಸಿಕ್ಕಿಸಲು, ಅವರು ತಂದಿಟ್ಟಿದ್ದ ರಬ್ಬರ್ ತುಂಡುಗಳು ಮಳೆಕೋಟಿನ ಜೇಬಿನಲ್ಲಿ ಸಿಕ್ಕವು. ಇದರ ಜೊತೆ ಕಳಿಸಿದ್ದೇನೆ. "ಶಬ್ದ ಕೇಳಿದ್ರೆ ಬಾಣ ಮುಟ್ಟುವ ಮೊದಲೇ ಜಿಂಕೆ ಹಾರ್ತದೆ ಮಾರಾಯ್ತಿ" ಎನ್ನುತ್ತಿದ್ದರು. ಜಿಂಕೆಯ ಕಿವಿಯ ಚಿಂತೆ ಇತ್ತು, ನನ್ನ ಲೋಟಗಳದ್ದಿರಲಿಲ್ಲ.

ಆದರೆ ರಬ್ಬರ್ ಹಾಕುವ ಮೊದಲು ಒಂದು ಸಲ ಬಿಲ್ಲು ತೆಗೆದುಕೊಂಡು ಬನ್ನಿ. ನಿಮ್ಮ ಟೋಟೆಮ್ ಲೇಕ್‌ನಿಂದ ಇಲ್ಲಿಗೆ ದೂರವೇನಲ್ಲ. ಗರಾಜಿನಲ್ಲಿರುವ ಗುರಿಹಲಗೆಯನ್ನು ನಾನಿನ್ನೂ ತೆಗೆದಿಲ್ಲ. ಸಂಜೆ ಆಫೀಸಿನಿಂದ ಬಂದು ಅವರು ಅಲ್ಲಿ ಬಾಣ ಬಿಟ್ಟಾಗಲೆಲ್ಲ ಅಡುಗೆಮನೆಯ ಲೋಟಗಳು ಝಣ್ ಎನ್ನುತ್ತಿದ್ದವು. ಸದ್ದು ನಿಂತಿತೆಂದರೆ ನಾನು ಕಾಫಿಗೆ ನೀರಿಡುತ್ತಿದ್ದೆ. ನೀರು ಕುದಿಯುವ ಹೊತ್ತಿಗೆ ಬಾಗಿಲು ತೆರೆದು "ಆಯ್ತಾ?" ಎನ್ನುತ್ತಿದ್ದರು.

ಇದನ್ನು ಫೋನಿನಲ್ಲಿ ಕೇಳಲು ನನ್ನಿಂದ ಆಗಲಿಲ್ಲ, ಅದಕ್ಕೇ ಈ ಪತ್ರ.

ಗರಾಜ್ ತೆರೆದಿಟ್ಟಿರುತ್ತೇನೆ. ಬೆಲ್ ಮಾಡಬೇಡಿ. ನಾನು ಅಡುಗೆಮನೆಯಲ್ಲಿರುತ್ತೇನೆ. ನಾಲ್ಕೈದು ಬಾಣ ಬಿಟ್ಟರೆ ಸಾಕು. ಕಾಫಿ ಕುಡಿಯದೆ ಮಾತ್ರ ಹೋಗಬಾರದು. ಆದರೆ ಬಾಣ ಬಿಟ್ಟ ಕೂಡಲೇ ಒಳಗೆ ಬರಬೇಡಿ, ಸ್ವಲ್ಪ ಹೊತ್ತು ಅಲ್ಲೇ ಇರಿ. ಬಾಗಿಲು ತೆರೆದರೆ, ಬಂದವರು ಅವರಲ್ಲ, ನೀವಾಗಿರುತ್ತೀರಿ.

ಕಾಯುತ್ತಿರುತ್ತೇನೆ,
ವಿನ್ನಿ