ಇಪ್ಪತ್ತು ನಿಮಿಷ ಮುಂದಿದ್ದ ಗಡಿಯಾರ

೧೪ ಜುಲೈ

ಪ್ರೀತಿಯ ಗುಬ್ಬಿಗೆ,

ಮೂವತ್ತೆರಡು ವರ್ಷಗಳ ಹಿಂದೆ, ಮಾರ್ಚ್ ಹನ್ನೊಂದರಂದು, ನಮ್ಮ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದ ಕಂಪೋಸಿಟರನಿಗೆ ಮಾಡದ ಕೊಲೆಗಾಗಿ ಜೀವಾವಧಿ ಶಿಕ್ಷೆಯಾಯಿತು. ಅವನನ್ನು ಒಳಗೆ ಹಾಕಿಸಿದ್ದು ನನ್ನ ಸಾಕ್ಷಿ. ಇದನ್ನು ಮೊದಲು ಬರೆದುಬಿಡಬೇಕು ಅನ್ನಿಸಿತು, ಕ್ಷೇಮಸಮಾಚಾರ ಆಮೇಲೆ. ಅಮ್ಮನೂ ನಾನೂ ಚೆನ್ನಾಗಿದ್ದೇವೆ. ಎಂಟು ತಿಂಗಳು ನಿನ್ನ ಫೋನು ಎತ್ತದೆ, ಕಾಗದಕ್ಕೂ ಉತ್ತರಿಸದೆ ಬಿಗಿದುಕೊಂಡು ಕೂತದ್ದಕ್ಕೆ ಅಪ್ಪನನ್ನು ಕ್ಷಮಿಸು.

ಆ ಕೊಲೆಯ ಮೇಲೆ ಸಾಕ್ಷ್ಯಚಿತ್ರ ಮಾಡುತ್ತಿದ್ದೇನೆ, ಕ್ಯಾಮೆರಾ ಮುಂದೆ ಕೂತು ಮಾತಾಡಪ್ಪಾ ಎಂದು ನೀನು ಕೇಳಿದಾಗ ನಾನು ಹಾರಾಡಿದ್ದೆ. "ಇದು ಹೆಣದ ಮುಂದೆ ಟಿಕೆಟ್ ಮಾರೋ ಕೆಲಸ" ಅಂದುಬಿಟ್ಟೆ. ಇಂಥ ಚಿತ್ರಗಳ ವಿರುದ್ಧ ಪತ್ರಿಕೆಗೆ ಮೂರು ಸಲ ಬರೆದವನು ನಾನು. ರಕ್ತದ ಕಲೆ ತೋರಿಸಿ ಹಿಂದಿನಿಂದ ಪಿಟೀಲು ಕುಯ್ಯುವುದು ಇಂದಿಗೂ ನನಗೆ ಸೇರದು.

ಕಳೆದ ಭಾನುವಾರ ನಿನ್ನ ಚಿತ್ರ ತೋರಿಸುತ್ತಿದ್ದ ಗ್ರಂಥಾಲಯದ ಸಭಾಂಗಣಕ್ಕೆ ನಿನ್ನಮ್ಮ ನನ್ನನ್ನು ಹೊರಡಿಸಿದ ಬಗೆ ಕೇಳು. "ಬರದಿದ್ರೆ ಬಿಡಿ. ಮಗಳ ಹೆಸರು ಬಂದಾಗ ನಿಮ್ಮ ಪಾಲಿನ ಚಪ್ಪಾಳೆನೂ ನಾನೇ ಹೊಡೀತೀನಿ" ಅಂದಳು. ಹೋದೆ. ಮೊದಲ ಹತ್ತು ನಿಮಿಷ ತಪ್ಪು ಹುಡುಕುತ್ತ ಕೂತೆ. ಪರದೆಯ ಬರಹದಲ್ಲಿ ಎರಡು ಅಕ್ಷರದೋಷ ಸಿಕ್ಕವು. ಗೊಣಗಿದ್ದಕ್ಕೆ, "ಕರಡು ತಿದ್ದೋ ಕೆಲಸ ಬಿಟ್ಟು ಹನ್ನೆರಡು ವರ್ಷ ಆಯ್ತು, ಸುಮ್ನೆ ನೋಡ್ರೀ" ಎಂದು ತಿವಿದಳು.

ಆಮೇಲೆ ಪರದೆಯ ಮೇಲೆ ನಮ್ಮ ಪ್ರೆಸ್ಸಿನ ಮೆಷಿನ್‌ಮ್ಯಾನ್ ಬಂದ. ನೀನು ಅವನನ್ನು ಅವಸರಪಡಿಸಲಿಲ್ಲ. ಬೊಚ್ಚು ಬಾಯಲ್ಲಿ ನಗುತ್ತ ಹೇಳಿದ: "ನಮ್ ಯಜಮಾನ್ರು ಭಾರಿ ಬುದ್ಧಿವಂತ್ರು ಕಣಮ್ಮ. ಜನ ತಡವಾಗಿ ಬರ್ತಾರೆ ಅಂತ ಗೋಡೆ ಗಡಿಯಾರಾನ ಇಪ್ಪತ್ತು ನಿಮಿಷ ಮುಂದೆ ಇಟ್ಟಿದ್ರು. ಹೊಸಬರಿಗೆ ಹೇಳೋ ಹಾಗಿರ್ಲಿಲ್ಲ. ಹಳಬರು ನಾವು ಮನಸ್ಸಲ್ಲೇ ಕಳ್ಕೊತಿದ್ವಿ."

"ಕೋರ್ಟಲ್ಲಿ ಇದನ್ನ ಯಾರಾದ್ರೂ ಹೇಳಿದ್ರಾ ತಾತ?" ಎಂದಿತು ನಿನ್ನ ದನಿ.

ಅವನ ನಗು ನಿಂತಿತು. "ಯಾರೂ ಕೇಳ್ಲಿಲ್ವಲ್ಲಮ್ಮ."

ಕೊಲೆಯಾದವನು ಪಕ್ಕದ ಬೀದಿಯ ಕಾಗದದ ವ್ಯಾಪಾರಿ; ಅವನು ಚೀರಿಕೊಂಡದ್ದು ಸಂಜೆ ಆರೂ ಕಾಲಿನ ರೈಲು ಹೋಗುವಾಗ. ಕಂಪೋಸಿಟರ್ ಹೊರಗಿನಿಂದ ಪ್ರೆಸ್ಸಿಗೆ ಮರಳಿದ್ದು ಎಷ್ಟು ಹೊತ್ತಿಗೆ ಎಂದು ಕೋರ್ಟಿನಲ್ಲಿ ನನ್ನನ್ನು ಕೇಳಿದರು. ಗಡಿಯಾರ ನೋಡಿದ್ದೆ. "ಆರು ಇಪ್ಪತ್ತು" ಎಂದೆ. ನಿಜಕ್ಕೂ ಆಗ ಗಂಟೆ ಆರು. ಅಲ್ಲಿಂದ ಎಂಟರವರೆಗೂ ಅವನು ನನ್ನ ಕಣ್ಣೆದುರೇ ಮೊಳೆ ಜೋಡಿಸುತ್ತಿದ್ದ. ಕೆಲಸಕ್ಕೆ ಸೇರಿ ವಾರವಾಗಿದ್ದ ಆ ಹೊಸಬ "ರೈಲಿಗೆ ಮುಂಚೇನೇ ಬಂದಿದ್ದೆ ಸ್ವಾಮಿ" ಎಂದು ಬಡಿದುಕೊಂಡ. ಅವರು ನಂಬಿದ್ದು ನನ್ನನ್ನು.

ಹದಿನಾಲ್ಕು ವರ್ಷ ಒಳಗಿದ್ದು ಬಂದು, ಇಂದಿಗೂ ಕೊಲೆಗಾರನೆನ್ನಿಸಿಕೊಂಡು ಬದುಕಿರುವ ಅವನನ್ನು ಕೊನೆಗೆ ನೀನು ತೋರಿಸಿದೆ. "ಕರಡು ತಿದ್ದೋರ ಮೇಲೆ ನಂಗೆ ಸಿಟ್ಟಿಲ್ಲ. ಪಾಪ, ಕಂಡದ್ದನ್ನ ಹೇಳಿದ್ರು" ಎಂದ. ಪಿಟೀಲು ಇರಲಿಲ್ಲ. ನಿನ್ನಮ್ಮ ನನ್ನ ಕೈ ಹಿಡಿದುಕೊಂಡಳು. ಸೋತೆ ಕಣೇ ಗುಬ್ಬಿ, ನಿನ್ನ ಚಿತ್ರಕ್ಕೆ ಪೂರ್ತಿ ಸೋತೆ. ನನ್ನ ಪತ್ರಗಳೆಲ್ಲ ಸೇರಿ ಮಾಡದ್ದನ್ನು ನಿನ್ನ ತಾಳ್ಮೆ ಮಾಡಿತು. ನಿನ್ನ ಕಣ್ಣು, ಕಿವಿ ಸದಾ ಹೀಗೇ ಚುರುಕಾಗಿರಲಿ. ಊಟ ತಪ್ಪಿಸಬೇಡ.

ನಿನ್ನ
ಅಪ್ಪ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಸಾಕ್ಷಿ ಹೇಳಿದ ಮರುದಿನ ಪ್ರೆಸ್ಸಿಗೆ ಹೋದವನು ಗಡಿಯಾರ ನೋಡಿ ಅಭ್ಯಾಸದಂತೆ ಇಪ್ಪತ್ತು ಕಳೆದೆ; ಕಟಕಟೆಯ ಗಾಬರಿಯಲ್ಲಿ ಮುಳ್ಳು ತೋರಿದ್ದನ್ನೇ ಕಳೆಯದೆ ಹೇಳಿಬಿಟ್ಟದ್ದು ಆಗ ಹೊಳೆಯಿತು. ತೀರ್ಪಿಗೆ ಇನ್ನೂ ಒಂಬತ್ತು ದಿನವಿತ್ತು. ಯಜಮಾನರಿಗೆ ಹೇಳಿದೆ. "ಪ್ರಮಾಣ ಮಾಡಿ ಹೇಳಿದ್ದನ್ನ ತಿರುಗಿಸಿದ್ರೆ ನಿನ್ನನ್ನೇ ಒಳಗೆ ಹಾಕ್ತಾರೆ, ಮಗು ಮುಖ ನೋಡ್ಕೊ" ಅಂದರು. ನಿನಗಾಗ ಐದು ವರ್ಷ. ಆದರೆ ತಪ್ಪನ್ನು ನಿನ್ನ ತಲೆಗೆ ಕಟ್ಟಲಾರೆ, ಹೆದರಿದವನು ನಾನು. ಆಮೇಲೆ ರಸ್ತೆ ಗುಂಡಿಯಿಂದ ಹಿಡಿದು ಮಂತ್ರಿಗಳ ಸುಳ್ಳಿನವರೆಗೆ ನೂರಾರು ಪತ್ರ ಬರೆದೆ, ಇದೊಂದನ್ನು ಬಿಟ್ಟು. ಈ ಕಾಗದವನ್ನು ಅವನ ವಕೀಲರಿಗೆ ಕೊಡು. ಇದರ ಪ್ರತಿ ನನ್ನ ಹೆಸರು, ವಿಳಾಸದೊಂದಿಗೆ ಪತ್ರಿಕೆಗೂ ನ್ಯಾಯಾಲಯಕ್ಕೂ ಹೋಗಿದೆ. ನನಗೇನು ಶಿಕ್ಷೆಯೋ ಕೊಡಲಿ. ಆದರೆ ನ್ಯಾಯಾಲಯದವರು ಎಲ್ಲರೆದುರು ಉತ್ತರಿಸಬೇಕು: ಆ ಮನುಷ್ಯ ಬದುಕಿರುವಾಗಲೇ ಅವನನ್ನು ನಿರಪರಾಧಿ ಎಂದು ಸಾರುವುದು ಯಾವತ್ತು?