ಕೊನೆಯ ಪ್ರಶ್ನೆಗೆ ಮುಂಚೆ

ಅಪ್ಪಾಜಿ,

ಇವತ್ತು ಹೊಸದುರ್ಗದ ಕೋರ್ಟಿನಲ್ಲಿ ನಿಮ್ಮ ಜೂನಿಯರ್ ಬಸವೇಶ್ ಪಾಟಿ ಸವಾಲಿನಲ್ಲಿ ನನ್ನ ಸಾಕ್ಷಿಯನ್ನು ಕೆಡವಿಬಿಟ್ಟ. ಕೊನೆಯ ಪ್ರಶ್ನೆಗೆ ಮುಂಚೆ ಕನ್ನಡಕ ತೆಗೆದು, ಗೌನಿನ ಅಂಚಿನಲ್ಲಿ ನಿಧಾನವಾಗಿ ಒರೆಸಿ, ಸಾಕ್ಷಿಯ ಕಡೆ ನೋಡಿ ನಕ್ಕ. ಸಾಕ್ಷಿ ಅಲ್ಲೇ ತೊದಲಿದ. ಏನು ಬಿಂಕ ಇವನದು ಎಂದುಕೊಂಡೆ.

ಆಮೇಲೆ ವರಾಂಡದಲ್ಲಿ ಮುದುಕರೊಬ್ಬರು ಹತ್ತಿರ ಬಂದರು. "ಆ ಕನ್ನಡಕ ಒರೆಸಿದ್ದು ನೋಡಿದ್ರೇನಮ್ಮ? ಥೇಟ್ ಮುರುಗಪ್ಪ ವಕೀಲ್ರೇ ಎದ್ದು ಬಂದಂಗಾತು. ನೀವು ಚಿತ್ರದುರ್ಗದಿಂದ ಬಂದೋರು, ಅವರನ್ನ ನೋಡಿಲ್ಲ ಬಿಡ್ರಿ."

ನಾನು ನಿಮ್ಮ ಮಗಳೆಂದು ಹೇಳಲಿಲ್ಲ.

ನಿಮ್ಮ ಕರಿಕೋಟಿಗೆ ದಿನಾ ಇಸ್ತ್ರಿ ಹಾಕುತ್ತಿದ್ದವಳು ನಾನು. ನಾನೂ ಬರುತ್ತೇನೆಂದು ಹಟ ಹಿಡಿದರೆ, "ಕೋರ್ಟು ಹೆಣ್ಮಕ್ಕಳು ಬರೋ ಜಾಗ ಅಲ್ಲಮ್ಮ" ಎಂದು ಬಸವೇಶನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಡುತ್ತಿದ್ದಿರಿ. ನಾನು ಲಾ ಓದಿದ್ದು ನೀವು ಹೋದಮೇಲೆ. ಕೇಸು ಸೋತಿದ್ದರೂ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ, ಅಪ್ಪಾಜಿ. ನೀವು ಕೋರ್ಟಿನಲ್ಲಿ ಹೇಗೆ ನಿಲ್ಲುತ್ತಿದ್ದಿರೆಂದು ಮೊದಲ ಸಲ ನೋಡಿದೆ, ಅದೂ ಅವನಲ್ಲಿ.

ಮುಂದಿನ ವಾಯಿದೆಗೂ ನಾನೇ ಹೋಗುತ್ತೇನೆ. ನಿಮ್ಮನ್ನು ಅವನು ತನ್ನೊಳಗೆ ಇನ್ನೂ ಎಷ್ಟು ಇಟ್ಟುಕೊಂಡಿದ್ದಾನೋ, ನೋಡಬೇಕು.

ಶಿವಗಂಗಾ