ಬ್ಯಾರನ್ ಇರುವ ಆಟವನ್ನು ತಿರಸ್ಕರಿಸಿದವರಿಗೆ

ಮಾನ್ಯ ಆಯ್ಕೆ ಸಮಿತಿಯ ಅಧ್ಯಕ್ಷರೇ,

ಹಾಸನದಲ್ಲಿ ನಡೆಯಲಿರುವ ವಿದ್ಯಾರ್ಥಿ ತಂತ್ರಜ್ಞಾನ ಪ್ರದರ್ಶನದಿಂದ ನನ್ನ ವಿದ್ಯಾರ್ಥಿಗಳ ವಿಡಿಯೊ ಗೇಮನ್ನು ತಾವು ಕೈಬಿಟ್ಟಿದ್ದೀರಿ. ಆಟದ ವಿಷಯ ಮಾನಸಿಕ ಆರೋಗ್ಯ. ತಾವು ನೀಡಿದ ಕಾರಣ ತಂಬಾಕು. ನಾನು ಅರಕಲಗೂಡಿನ ಡಿಪ್ಲೊಮಾ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಬೋಧಕ. ಪತ್ರಿಕೆಗಳಿಗೆ ಬರೆಯುವ ಅಭ್ಯಾಸವಿಲ್ಲದವನು, ಆದರೂ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ಆಟದಲ್ಲಿ ಯಾರೂ ಬೀಡಿ ಸೇದುವುದಿಲ್ಲ. ಹೊಗೆಸೊಪ್ಪು ಬೇಯಿಸಿ ಹದಗೊಳಿಸುವ ಮನೆಯಾದ ಬ್ಯಾರನ್ನಿನ ಒಲೆಯ ಮುಂದೆ ಹುಡುಗಿಯೊಬ್ಬಳು ಕುಳಿತಿರುತ್ತಾಳೆ. ಶಾಖ ಏರಿದರೆ ಎಲೆ ಕಪ್ಪಾಗುತ್ತದೆ, ಇಳಿದರೆ ಕೊಳೆಯುತ್ತದೆ. ಅದನ್ನು ಒಂದೇ ಹದದಲ್ಲಿ ಕಾಯುವುದಷ್ಟೇ ಆಟ, ಅಂಕಗಳಿಲ್ಲ, ಪದಕವಿಲ್ಲ. ಏನೂ ಮಾಡಲು ಮನಸ್ಸಿಲ್ಲದವರಿಗೆ ದಿನ ಕಳೆಯುವುದೇ ಹೀಗಿರುತ್ತದೆ ಎಂಬುದು ಮೇಘಶ್ರೀ ಮತ್ತು ಕೀರ್ತಿರಾಜ್ ಎಂಬ ನನ್ನ ಈ ಇಬ್ಬರು ವಿದ್ಯಾರ್ಥಿಗಳ ಕಲ್ಪನೆ. ಈ ತಾಲ್ಲೂಕಿನ ಅರ್ಧ ಮನೆಗಳ ಮಕ್ಕಳು ಬ್ಯಾರನ್ನಿನ ನೆರಳಲ್ಲೇ ಬೆಳೆದವರು. ಅವರನ್ನು ಹಾಸನಕ್ಕೆ ಕರೆತರುವ ಬಸ್ಸು ಹೊಗೆಸೊಪ್ಪಿನ ಹೊಲಗಳ ನಡುವೆಯೇ ಬರುತ್ತದೆ. ಅದರ ಕಿಟಕಿಗಳಿಗೂ ಪರದೆ ಹಾಕಿಸುವಿರಾ?

ತಮ್ಮ ಸಮಿತಿಯ ಸದಸ್ಯರೊಬ್ಬರು ವಿದ್ಯಾರ್ಥಿಗಳಿಗೆ ಪರಿಹಾರವನ್ನೂ ಸೂಚಿಸಿದರು. ನಾನು ಪಕ್ಕದಲ್ಲೇ ಇದ್ದೆ.

“ತಂಬಾಕು ತೆಗೀರಪ್ಪ. ಶುಂಠಿ ಹಾಕ್ಕೊಳಿ.”

“ಶುಂಠೀನ ಯಾರೂ ಬೇಯ್ಸಲ್ಲ ಸಾ,” ಎಂದ ಕೀರ್ತಿರಾಜ್.

“ಅಂಗಾರೆ ಜ್ವಾಳ ಮಾಡ್ಕೊಳಿ. ಗೇಮ್ ತಾನೆ, ಯಾವ್ದಾದ್ರೇನು?”

ಜೋಳಕ್ಕೆ ಒಲೆ ಬೇಡ. ಒಲೆಯಿಲ್ಲದಿದ್ದರೆ ಕಾಯುವವರು ಬೇಡ. ಆಗ ಆಟದಲ್ಲಿ ಉಳಿಯುವುದೇನು ಎಂಬ ಪ್ರಶ್ನೆ ಸಮಿತಿಗೆ ಏಳಲಿಲ್ಲ.

ಇನ್ನು ಮುಂದಿನದು ನನ್ನ ಮನೆಯ ವಿಷಯ. ಪುರಾವೆಯಾಗಿ ಮಾತ್ರ ಬರೆಯುತ್ತಿದ್ದೇನೆ. ನನ್ನ ಮಗಳು ರೂಪಶ್ರೀ ನರ್ಸಿಂಗ್ ಓದನ್ನು ನಡುವೆ ಬಿಟ್ಟು ಮನೆಗೆ ಬಂದಳು. ಅಂದಿನಿಂದ ಕೋಣೆಯಲ್ಲೇ ಇದ್ದಾಳೆ. ವೈದ್ಯರು ನೋಡುತ್ತಿದ್ದಾರೆ, ಔಷಧ ನಡೆಯುತ್ತಿದೆ. ತಟ್ಟೆ ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ. ನಮಗೂ ಅದು ರೂಢಿಯಾಯಿತು. ಆಟದ ಮೊದಲ ರೂಪವನ್ನು ನನಗೆ ತೋರಿಸಲು ವಿದ್ಯಾರ್ಥಿಗಳು ಮನೆಗೆ ಬಂದಾಗ ಅವಳು ಬಾಗಿಲಿಗೆ ಬಂದು ನಿಂತಳು. ಸ್ವಲ್ಪ ಹೊತ್ತು ನೋಡಿದಳು.

“ಇವ್ಳೊಬ್ಳೇ ಯಾಕೆ ಕೂತವ್ಳೆ?” ಎಂದಳು. “ಬ್ಯಾರನ್ ತಾವ ಯಾರೂ ಒಬ್ರೇ ಕೂರಲ್ಲ ಕಣೋ. ಸುಸ್ತಾದ್ರೆ ಕೂಗ್ತಾರೆ, ಇನ್ನೊಬ್ರು ಬತ್ತಾರೆ. ನೀನ್ಯಾವ ಊರೋನೋ?”

“ಚನ್ನರಾಯಪಟ್ಟಣ ಕಣಕ್ಕ. ನಮ್ಕಡೆ ತೆಂಗು,” ಎಂದ ಕೀರ್ತಿರಾಜ್.

“ಅದ್ಕೇ ಇಂಗ್ ಮಾಡಿದೀಯ.”

ಎಷ್ಟೋ ತಿಂಗಳುಗಳಲ್ಲಿ ಅವಳು ಆಡಿದ ಅತಿ ಉದ್ದದ ಮಾತು ಅದು. ವಿದ್ಯಾರ್ಥಿಗಳು ತಪ್ಪು ತಿದ್ದಿ, ಕೂಗಲು ಒಂದು ಬಟನ್ ಇಟ್ಟರು. ಅದನ್ನು ಒತ್ತಿದರೆ ಪಕ್ಕದ ಮನೆಯ ಹೆಂಗಸು ಬಂದು, “ಬಂದೆ ಕಣಮ್ಮಿ. ನೀ ಏಳು, ವಸಿ ಮಲಿಕ್ಕೋ ಓಗು. ನಾ ನೋಡ್ಕತೀನಿ” ಎನ್ನುತ್ತಾಳೆ. ಆ ಧ್ವನಿ ರೂಪಶ್ರೀಯದು. ಮೇಘಶ್ರೀ ತನ್ನ ಫೋನಿನಲ್ಲಿ ಅದನ್ನು ರೆಕಾರ್ಡ್ ಮಾಡಿಕೊಂಡಳು. ಜನ ಆ ಬಟನ್ ಒತ್ತುತ್ತಾರೋ ಇಲ್ಲವೋ ನೋಡಬೇಕು, ಹಾಸನಕ್ಕೆ ನಾನೂ ಬರುತ್ತೇನೆ ಎಂದು ರೂಪಶ್ರೀ ಹೇಳಿದ್ದಳು. ಇಸ್ತ್ರಿ ಮಾಡಿದ ಚೂಡಿದಾರವನ್ನು ಕುರ್ಚಿಯ ಮೇಲೆ ತೆಗೆದಿಟ್ಟಿದ್ದಳು.

ತಮ್ಮ ನಿರ್ಧಾರವನ್ನು ನಾನೇ ಅವಳಿಗೆ ತಿಳಿಸಿದೆ. “ಬ್ಯಾಡ ಅಂದ್ರಾ?” ಎಂದು ಕೇಳಿ ಒಳಗೆ ಹೋದಳು. ಅವಳು ಅಳಲಿಲ್ಲ. ನಾನೂ ಅಳಲಿಲ್ಲ. ಮಧ್ಯಾಹ್ನ ತರಗತಿಯಿತ್ತು, ಹೋಗಿ ಪಾಠ ಮಾಡಿದೆ.

ನನ್ನ ಆಗ್ರಹ ಇಷ್ಟೇ. ತಂಬಾಕು ಹಾನಿಕರ ಎಂಬ ಎಚ್ಚರಿಕೆಯನ್ನು ಪರದೆಯ ಉದ್ದಗಲಕ್ಕೂ ಬರೆಸಿ, ನಮ್ಮ ತಕರಾರಿಲ್ಲ. ಬ್ಯಾರನ್ ಇರಲಿ, ಒಲೆ ಇರಲಿ, ಕೂಗಿದರೆ ಬರುವ ಆ ಹೆಂಗಸು ಇರಲಿ. ತಿರಸ್ಕಾರವನ್ನು ಪ್ರದರ್ಶನಕ್ಕೆ ಮೊದಲೇ ಹಿಂಪಡೆಯಿರಿ. ಅದು ಸಾಧ್ಯವಿಲ್ಲವೆಂದಾದರೆ, ತಾವೇ ನಮ್ಮ ಮನೆಗೆ ಬಂದು ಅವಳಿಗೆ ಕಾರಣ ವಿವರಿಸಬೇಕು. ನಾನು ಎರಡು ಬಾರಿ ಪ್ರಯತ್ನಿಸಿದೆ. ಬಾಗಿಲು ತೆರೆಯಲಿಲ್ಲ.

ಇಂತಿ,
ಸರ್ಕಿಟ್ಟುಗಳ ದೋಷ ಮಾತ್ರ ಹುಡುಕಬಲ್ಲ ತಂದೆ,
ಸುದರ್ಶನ್, ಅರಕಲಗೂಡು